ಕಾರಿನ ಕೆಳಗೆ ನುಗ್ಗುವವರು

"ಎಂಥದೂ ಆಗೂದಿಲ್ಲ, ನುಗ್ಗೋ." ಈ ಮಾತು ಹೇಳುವವನು ಯಾವಾಗಲೂ ನಿಂತಿರುತ್ತಾನೆ. ಕೇಳುವವನು ಅಂಗಾತ ಮಲಗಿರುತ್ತಾನೆ. ಅವನ ಎದೆಯಿಂದ ಒಂದು ಗೇಣು ಮೇಲೆ ಕಾರು.

ನಮ್ಮ ಕಾಗಾಲದ ಅಂಗಳಗಳಿಗೂ ಕಾರು ಬಂದಿದೆ. ಎರಡು ಮೂರು ಕೈ ದಾಟಿ ಬಂದ ಕಾರಿಗೆ ದಿನಾ ಒಂದು ರೋಗ. ಕುಮಟೆಯ ಗ್ಯಾರೇಜಿಗೆ ಒಯ್ದರೆ ದುಡ್ಡು. ಆಯಿಲ್ ಬದಲಿಸುವುದು, ಸಡಿಲಾದ ಸೈಲೆನ್ಸರ್ ಬಿಗಿಯುವುದು ಮನೆಯಲ್ಲೇ ಆಗಲಿ ಅಂತಾರೆ. ಯಜಮಾನ ಜಾಕು ಕೊಡುತ್ತಾನೆ. ಅಡಿಗೆ ಹೋಗಲು ಒಬ್ಬ ಹುಡುಗ ಬೇಕು. ಆ ಹುಡುಗ ಯಾವ ಕೇರಿಯವನೆಂದು ಹೇಳಬೇಕೆ? ಉಪ್ಪಿನ ಆಗರದಲ್ಲಿ ಬೆನ್ನು ಸುಟ್ಟುಕೊಂಡವರ, ಗಜನಿಯ ಕೆಸರಿನಲ್ಲಿ ನಿಂತು ಕಗ್ಗ ಭತ್ತ ಕೊಯ್ದವರ ಮೊಮ್ಮಕ್ಕಳು ನಾವು. 'ಕೆಳಗೆ' ಅನ್ನುವುದು ನಮಗೆ ಹೊಸ ಜಾಗವಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಕವಿತೆ ಆಮೇಲೆ. ಮೊದಲು ಜೀವ ಉಳೀಬೇಕು.

ಜಾಕು ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಕಾರಿನ ಜತೆ ಬರುವ ಕತ್ತರಿ ಜಾಕು ಚಕ್ರ ಬದಲಿಸುವಷ್ಟು ಹೊತ್ತಿಗೆ ಮಾತ್ರ. ಎಣ್ಣೆ ಜಾಕಿನಲ್ಲಿ ಇಡೀ ಭಾರವನ್ನು ಹಿಡಿದಿರುವುದು ಎಣ್ಣೆಯ ಒತ್ತಡ. ಆ ಒತ್ತಡವನ್ನು ತಡೆದಿರುವುದು ಸಣ್ಣ ರಬ್ಬರ್ ಬಳೆ. ಬಳೆ ಸವೆದರೆ ಎಣ್ಣೆ ಸೋರುತ್ತದೆ, ಕಾರು ಇಳಿಯುತ್ತದೆ. ಜಾಕಿನ ಮೇಲೆ 2 ಟನ್ ಎಂದು ಬರೆದದ್ದು ಅದರ ಎತ್ತುವ ತಾಕತ್ತು. ನಮ್ಮ ಪ್ರಾಣಕ್ಕೆ ಬರೆದುಕೊಟ್ಟ ಜಾಮೀನಲ್ಲ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಬಲು ಹಗುರದ ಕಾರು ಎನಿಸಿಕೊಂಡಿತ್ತು. ಅದೂ ಸುಮಾರು 650 ಕಿಲೊ. ಪಕ್ಕೆಲುಬಿಗೆ ಅದರ ಕಾಲುಭಾಗವೂ ಹೆಚ್ಚೇ.

ಇನ್ನು ನೆಲ. ನಮ್ಮದು ಕೆಂಪು ಮಣ್ಣು, ಕಡಲ ಕಡೆ ಹೋದರೆ ಹೊಯ್ಗೆ. ಮಳೆಗಾಲದಲ್ಲಿ ಜಾಕಿನ ಪಾದ ಒಂದು ಬದಿಗೆ ಹೂತು ಕಾರು ವಾಲುತ್ತದೆ. ಸಮತಟ್ಟಾದ ಗಟ್ಟಿ ನೆಲ ಇಲ್ಲದಿದ್ದರೆ ಆ ಕೆಲಸವೇ ಬೇಡ. ಆಸರೆಗೆ ಥಟ್ಟನೆ ಕೈಗೆ ಸಿಗುವುದು ಚಿರೆಕಲ್ಲು. ಗೋಡೆಯಲ್ಲಿ ಮೈತುಂಬ ಭಾರ ಹಂಚಿಕೊಂಡು ತಲೆಮಾರುಗಟ್ಟಲೆ ನಿಲ್ಲುವ ಕಲ್ಲು ಅದು. ಕಾರಿನ ಅಂಚು ಒಂದೇ ಕಡೆ ಒತ್ತಿದರೆ ಅದೇ ತೂತುತೂತಿನ ಕಲ್ಲು ಮುನ್ಸೂಚನೆ ಕೊಡದೆ ಸೀಳುತ್ತದೆ. ಸಿಮೆಂಟಿನ ಟೊಳ್ಳು ಇಟ್ಟಿಗೆಯೂ ಅಷ್ಟೇ. ಮೇಲಾಗಿ ಉಪ್ಪುಗಾಳಿ. ಬಾಗಿಲಡಿಯ ತಗಡನ್ನು ತುಕ್ಕು ಒಳಗಿಂದ ತಿಂದಿರುತ್ತದೆ. ಹೊರಗೆ ಬಣ್ಣ ಹೊಳೆಯುತ್ತದೆ, ಜಾಕು ಕೊಟ್ಟರೆ ತಗಡೇ ಒಳಕ್ಕೆ ಕುಸಿಯುತ್ತದೆ.

ಕ್ರಮ ಇಷ್ಟು. ಗೇರು ಹಾಕಿ, ಹ್ಯಾಂಡ್‌ಬ್ರೇಕು ಎಳೆಯಿರಿ. ಅದನ್ನೊಂದೇ ನಂಬಬೇಡಿ; ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಬದಿ ಎತ್ತಿದಿರೋ, ಅದು ಇದ್ದೂ ಇಲ್ಲದ ಹಾಗೆ. ನೆಲದ ಮೇಲುಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡಿ. ಚಕ್ರ ಬಿಚ್ಚುವುದಿದ್ದರೆ ನಟ್ಟುಗಳನ್ನು ಎತ್ತುವ ಮೊದಲೇ ತುಸು ಸಡಿಲಿಸಿ. ಕಾರಿನ ಪುಸ್ತಕ ತೋರಿಸಿದ ಜಾಗಕ್ಕೇ ಜಾಕು ಕೊಡಿ. ಎತ್ತಿದ ಮೇಲೆ ಎರಡೂ ಬದಿಯ ಗಟ್ಟಿ ಜಾಗಕ್ಕೆ ಕಬ್ಬಿಣದ ಸ್ಟ್ಯಾಂಡು ಇಟ್ಟು, ಜಾಕು ನಿಧಾನ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಹೊರಗೆ ನಿಂತೇ ಕಾರನ್ನು ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ಕೆಳಗೆ ಯಾರೂ ಇಲ್ಲದಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ಅಡ್ಡ ಮಲಗಿಸಿ. ಹೊರಗೆ ಒಬ್ಬ ಇರಲೇಬೇಕು.

ಇದು ನಮ್ಮ ಕಡಲ ತೀರಕ್ಕೆ ತಿಳಿಯದ ವಿದ್ಯೆಯೇನಲ್ಲ. ಮಳೆಗಾಲಕ್ಕೆ ದಡಕ್ಕೆಳೆದ ದೋಣಿಯನ್ನು ನೋಡಿ. ಎರಡೂ ಬದಿ ಮರದ ಊರೆ ಕೊಟ್ಟಿರುತ್ತಾರೆ. ಒಂದು ಜಾರಿದರೆ ಇನ್ನೊಂದು ಇರಲಿ ಎಂದು. ದೋಣಿಗೆ ಗೊತ್ತಿರುವ ಈ ಮರ್ಯಾದೆ ಕಾರಿನ ಕೆಳಗಿನ ಹುಡುಗನಿಗೆ ಯಾಕಿಲ್ಲ?

ಯಾಕೆಂದರೆ ಅವನ ಜೀವ ಅಗ್ಗ. ಮಲಗುಂಡಿಗೆ ಇಳಿಸುವಾಗಲೂ ಇದೇ ಧೈರ್ಯದ ಮಾತು. ರಕ್ಷಣೆಯಿಲ್ಲದೆ ಗುಂಡಿಗಿಳಿಸುವುದು ಅಪರಾಧವೆಂದು 2013ರಲ್ಲಿ ಕಾಯ್ದೆ ಬಂತು. ಆಮೇಲೂ ಇಳಿಸಿದರು, ಆಮೇಲೂ ಸತ್ತರು. ಸತ್ತವನಿಗೆ 'ಆಯುಷ್ಯ ಅಷ್ಟೇ ಇತ್ತು' ಅಂದರು. ಆಯುಷ್ಯವಲ್ಲ ಸ್ವಾಮಿ, ಆಸರೆಯ ದುಡ್ಡು ಉಳಿಸಿದ್ದು.

ನಮ್ಮನ್ನು ಮೇಲೆತ್ತುತ್ತೇವೆ ಎಂದು ಬಂದವರನ್ನೂ ಬಹಳ ಕಂಡಿದ್ದೇವೆ. ಎತ್ತುವುದು ಸುಲಭ. ಎತ್ತಿದ್ದು ಬೀಳದ ಹಾಗೆ ಏನಿಟ್ಟಿದ್ದೀರಿ ಎಂದು ಕೇಳುವುದನ್ನು ನಾವು ಕಲಿಯಬೇಕು. ಕೇಳಿದರೆ ಬೈಗುಳ ಬಂದೀತು, ಒಂದು ದಿನದ ಕೂಲಿ ಹೋದೀತು. ಕೂಲಿ ನಾಳೆ ಹುಟ್ಟುತ್ತದೆ.

ಗೆಳೆಯರೇ, ಕೇರಿಯವರೆಲ್ಲ ಸೇರಿ ಒಂದು ಜೋಡಿ ಸ್ಟ್ಯಾಂಡು ಕೊಳ್ಳೋಣ. ಯಾರ ಅಂಗಳಕ್ಕೆ ಕರೆದರೂ ಅದು ನಮ್ಮ ಜತೆ ಬರಲಿ. ಕೆಳಗೆ ಹೋಗುವವನೇ ಅದನ್ನು ಇಡಲಿ, ಅವನೇ ಅಲುಗಾಡಿಸಿ ನೋಡಲಿ. ಅವನು ಸಾಕು ಅಂದರೆ ಮಾತ್ರ ಸಾಕು.