ಉಪ್ಪುನೀರಿನ ಕೊಳ, ಕರಜಗಿಯ ಕಾಯಿಲ್

ಅಫಜಲಪುರ ತಾಲ್ಲೂಕಿನ ನಮ್ಮ ಕರಜಗಿ ಕಡೆ ಈಜುಕೊಳ ಅಂದ್ರೆ ಹೊಲದ ಬಾವಿ, ಇಲ್ಲಾ ಭೀಮಾ ನದಿ. ಆದ್ರೂ ಊರಿನ ಹುಡುಗರು ಪುಣೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಉಪ್ಪುನೀರಿನ ಕೊಳ ನೋಡಿಕೊಳ್ಳೋ ಕೆಲಸಕ್ಕೆ ಸೇರ್ತಾರಲ್ಲ, ಅವರಿಗಾಗಿ ಈ ಮಾತು.

ಲೀಟರಿಗೆ ಸುಮಾರು 3-4 ಗ್ರಾಂ ಉಪ್ಪಿರೋ ನೀರು ಕ್ಲೋರಿನೇಟರ್ ಸೆಲ್ಲಿನ ಟೈಟೇನಿಯಂ ಪ್ಲೇಟುಗಳ ನಡುವೆ ಹಾಯುವಾಗ ಕರೆಂಟ್ ಕೊಟ್ರೆ ಅಲ್ಲೇ ಕ್ಲೋರಿನ್ ತಯಾರಾಗುತ್ತೆ. ಗಡಸು ನೀರಾದ್ರೆ ಪ್ಲೇಟಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತೆ. ಬೋರ್‌ವೆಲ್ ನೀರು ಕಾಯಿಸೋ ಮನೆಯ ಕಾಯಿಲ್ ಮೇಲೆ ಕೂತಿರುತ್ತಲ್ಲ, ಅದೇ.

ಅದನ್ನ ಸ್ಕ್ರೂಡ್ರೈವರಿನಿಂದ ಕೆರೆಯೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಪ್ಲೇಟಿಗೆ ರುಥೇನಿಯಂ ಆಕ್ಸೈಡಿನಂಥ ತೆಳು ಲೇಪ ಇರುತ್ತೆ, ಸೆಲ್ಲಿನ ಬೆಲೆಯೆಲ್ಲ ಅದರದ್ದೇ. ಹೋದ್ರೆ ಹೋಯ್ತು. ಕರೆಂಟ್ ಬಂದ್ ಮಾಡಿ, ಸೆಲ್ ಬಿಚ್ಚಿ, ತೆಳು ಆಸಿಡ್‌ನಲ್ಲಿ ಗುಳ್ಳೆ ನಿಲ್ಲೋತನಕ ಇಟ್ಟು ತೊಳೀಬೇಕು. ಯಾವಾಗ್ಲೂ ನೀರಿಗೆ ಆಸಿಡ್ ಹಾಕ್ರಿ, ಆಸಿಡ್‌ಗೆ ನೀರಲ್ಲ. ಬ್ಲೀಚಿಂಗ್ ಪೌಡರ್ ಹತ್ತಿರಕ್ಕೂ ತರಬ್ಯಾಡ್ರಿ, ವಿಷದ ಗಾಳಿ ಏಳುತ್ತೆ. ಪದೇ ಪದೇ ಆಸಿಡ್ ಹಾಕಿದ್ರೂ ಲೇಪ ಸವೆಯುತ್ತೆ, ಸುಣ್ಣ ಕಂಡಾಗ ಮಾತ್ರ ಸಾಕು.

ಪ್ಲೇಟು ಸ್ವಚ್ಛ ಇದೆ, ಉಪ್ಪು, ನೀರಿನ ಹರಿವು ಸರಿ ಇವೆ, ಆದ್ರೂ ಕ್ಲೋರಿನ್ ಬರ್ತಿಲ್ಲ ಅಂದ್ರೆ ಸೆಲ್ಲಿನ ಆಯುಷ್ಯ ಮುಗಿದಿರಬಹುದು. ಹೊಸದು ತರಿಸೋ ಮುಂಚೆ ಉಪ್ಪನ್ನ ಬೇರೆ ಮೀಟರಿನಲ್ಲಿ ಒಮ್ಮೆ ಅಳೆದು ನೋಡ್ರಿ. ಯಂತ್ರ ತೋರಿಸೋ ಅಂಕಿ ಸವೆದ ಸೆಲ್ಲಿನಲ್ಲಿ ತಪ್ಪಾಗಿರಬಹುದು.