ಶಿರಸಿ ಸೀಮೆಯ ಬೇಸಿಗೆ ರಜೆ

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರುಗಳ ದಾರಿಯನ್ನು ಬಹುಮಂದಿ ಇರುಳಿನ ಬಸ್ಸಿನಲ್ಲಿಯೇ ಕಳೆಯುತ್ತಾರೆ. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳು ಮುಚ್ಚಿದವೆಂದರೆ ಈ ಬಸ್ಸುಗಳಲ್ಲಿ ಒಂದು ಆಸನ ದೊರೆಯುವುದೂ ಭಾಗ್ಯವೇ. ಹಾವೇರಿಯ ಕಡೆಯಿಂದ ಬರುವ ಬಸ್ಸು ಬೆಳಗಿನ ಜಾವಕ್ಕೆ ಬಯಲುನಾಡನ್ನು ಹಿಂದೆ ಬಿಟ್ಟು ಮರಗಳ ನೆರಳನ್ನು ಹೊಕ್ಕಾಗ ಕಿಟಕಿಯಿಂದ ಬೀಸುವ ಗಾಳಿಯ ಗುಣವೇ ಬೇರೆಯಾಗುತ್ತದೆ. ನಿದ್ದೆಗಣ್ಣಿನ ಮಕ್ಕಳು ತಾವಾಗಿಯೇ ಎದ್ದು ಕುಳಿತುಕೊಳ್ಳುತ್ತಾರೆ. ಒಂದು ಕಾಲದಲ್ಲಿ ಈ ಬಸ್ಸುಗಳ ನೆತ್ತಿಯ ಮೇಲೆ ತಗಡಿನ ಪೆಟ್ಟಿಗೆಗಳೂ ಹಾಸಿಗೆಯ ಸುರುಳಿಗಳೂ ಏರುತ್ತಿದ್ದವು. ಈಗ ಬಹುಪಾಲು ತಂದೆತಾಯಿಯರ ಮಡಿಲಿನಲ್ಲಿ ಒಂದು ಕರಿಯ ಚೀಲ, ಚೀಲದಲ್ಲಿ ಲ್ಯಾಪ್‌ಟಾಪು. ರಜೆ ಮಕ್ಕಳಿಗೆ ಮಾತ್ರ. ದೊಡ್ಡವರ ಕಛೇರಿ ಅವರ ಜೊತೆಗೇ ಅಜ್ಜನ ಮನೆಗೆ ಪ್ರಯಾಣ ಮಾಡುತ್ತದೆ.

ಪೇಟೆಯಲ್ಲಿ ಇಳಿದವರಿಗೆ ಮೊದಲು ಎದುರಾಗುವುದು ಅಡಕೆಯ ವ್ಯಾಪಾರ. ತೋಟಿಗರು ಕೂಡಿ 1923ರಲ್ಲಿ ಕಟ್ಟಿದ ಮಾರಾಟದ ಸಹಕಾರಿ ಸಂಘ ನೂರು ವರ್ಷ ದಾಟಿ ಇಂದಿಗೂ ನಡೆಯುತ್ತಿದೆ. ಎರಡು ವರ್ಷಗಳಿಗೊಮ್ಮೆ ಜರುಗುವ ಮಾರಿಕಾಂಬೆಯ ಜಾತ್ರೆಯ ದಿನಗಳನ್ನು ಬಿಟ್ಟರೆ ಈ ಪೇಟೆಗೆ ಅವಸರವೆಂಬುದಿಲ್ಲ. ಆದರೆ ರಜೆಗೆ ಬಂದವರ ಊರು ಇದಲ್ಲ. ಇಲ್ಲಿಂದ ಸಣ್ಣ ಬಸ್ಸನ್ನೋ ರಿಕ್ಷಾವನ್ನೋ ಹಿಡಿದು, ಕಾಡಿನ ನಡುವೆ ಡಾಂಬರು ಮುಗಿದು ಕೆಂಪು ಮಣ್ಣು ಮೊದಲಾಗುವಲ್ಲಿ ಇಳಿದು, ಆಮೇಲೆ ಕೆಳಕ್ಕೆ ನಡೆಯಬೇಕು. ಬಯಲುಸೀಮೆಯಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಬೀದಿ. ಇಲ್ಲಿಯಾದರೆ ಕಾಡಿನಲ್ಲಿ ದೂರದೂರಕ್ಕೆ ಚೆದುರಿದ ನಾಲ್ಕಾರು ಮನೆಗಳು. ಒಂದು ಮನೆಯ ದೀಪ ಮತ್ತೊಂದಕ್ಕೆ ಕಾಣುವುದಿಲ್ಲ.

ಕೆಳಕ್ಕೆ ನಡೆಯಬೇಕು ಎಂಬ ಮಾತಿನಲ್ಲಿಯೇ ಈ ಸೀಮೆಯ ಸುಖವೂ ಇಂದಿನ ಸಂಕಟವೂ ಅಡಗಿವೆ. ಇಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರು ಮಳೆ ಬೀಳುವುದಾದರೂ ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಅಡಕೆಯ ಮರಕ್ಕೆ ಉಳಿದ ಎಂಟು ತಿಂಗಳೂ ತಂಪು ಬೇಕು. ತಂಪು ನಿಲ್ಲುವುದು ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ. ಹಿರಿಯರು ತೋಟವನ್ನು ಅಲ್ಲಿ ಮಾಡಿದರು, ತೋಟದ ತಲೆಯಲ್ಲಿ ಮನೆಯನ್ನು ಕಟ್ಟಿದರು. ನೀರಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ನೆಲೆ ಇಲ್ಲ. ಮೊಬೈಲಿನ ಅಲೆಗಳ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ನೆಲೆಯೂ ಇಲ್ಲ. ಆ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು. ನೀರಿನಂತೆ ಇಳುಕಲನ್ನು ಹುಡುಕಿಕೊಂಡು ಬರುವ ಸ್ವಭಾವ ಅವುಗಳಿಗಿಲ್ಲ. ಗುಡ್ಡದಾಚೆ ಗೋಪುರ ನಿಂತಿದ್ದರೂ ಅಜ್ಜನ ಮನೆಯ ಜಗಲಿಯಲ್ಲಿ ಫೋನು ಮೂಕವಾಗಿರುತ್ತದೆ.

ಆದ್ದರಿಂದ ಮಾತನಾಡಬೇಕಾದವರು ಬೆಟ್ಟಕ್ಕೆ ಹೋಗುತ್ತಾರೆ. ಬೆಟ್ಟವೆಂದರೆ ಇಲ್ಲಿ ಬರಿಯ ಗುಡ್ಡವಲ್ಲ, ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದುಕೊಳ್ಳಲು ಬಿಟ್ಟ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಇಂಥ ಬೆಟ್ಟವನ್ನು ಬಿಡುವ ಪದ್ಧತಿ ಉತ್ತರ ಕನ್ನಡವು ಮುಂಬಯಿ ಆಡಳಿತದಲ್ಲಿದ್ದ ಕಾಲದಿಂದ ಬಂದದ್ದು. ಅಜ್ಜ ಕತ್ತಿ ಹಿಡಿದು ಏರಿದ ಕಾಲುದಾರಿಯನ್ನೇ ಮಗ ಲ್ಯಾಪ್‌ಟಾಪು ಹಿಡಿದು ಏರುತ್ತಾನೆ. ಯಾವ ಮರದ ಬುಡದಲ್ಲಿ ಅಲೆ ಸಿಕ್ಕೀತೆಂಬುದು ಊರಿಗೆಲ್ಲ ಗೊತ್ತು. ಜೇನುಗೂಡಿನ ಸುದ್ದಿಯಂತೆ ಬಾಯಿಂದ ಬಾಯಿಗೆ ಹಬ್ಬಿರುತ್ತದೆ. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಗರದ ತರುಣರು ಹಿಂಡುಹಿಂಡಾಗಿ ಊರಿಗೆ ಬಂದರು. ಆ ವರ್ಷದ ಬೇಸಿಗೆ ರಜೆ ಮಳೆಗಾಲವನ್ನೂ ದಾಟಿ ಮುಂದುವರಿಯಿತು. ಬೆಟ್ಟಗಳ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗುಡಿಸಲುಗಳೆದ್ದವು. ಅವುಗಳಲ್ಲಿ ಕಾಲೇಜಿನ ಪಾಠವೂ ನಡೆಯಿತು, ಕಂಪನಿಗಳ ಕೆಲಸವೂ ನಡೆಯಿತು. ದಕ್ಷಿಣಕ್ಕೆ, ಸುಳ್ಯದ ಕಡೆಯಲ್ಲಿ, 2021ರ ಜೂನ್ ತಿಂಗಳ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಮಲೆನಾಡಿನವರಿಗೆ ಅದರಲ್ಲಿ ಆಶ್ಚರ್ಯಪಡುವಂಥದು ಏನೂ ಕಾಣಲಿಲ್ಲ.

ಮನೆಯಲ್ಲಿ ಮುದುಕರಿಬ್ಬರೇ ಇದ್ದು ಬಹಳ ವರ್ಷಗಳಾಗಿದ್ದವು. ಒಂದೂವರೆ ವರ್ಷ ಮಗ, ಸೊಸೆ, ಮೊಮ್ಮಕ್ಕಳು ಕೂಡಿ ಉಂಡರೆ ಆ ಮನೆಯ ಅಡುಗೆಯ ಪಾತ್ರೆಗಳ ಗಾತ್ರವೇ ಬದಲಾಗುತ್ತದೆ. ಕಛೇರಿಗಳು ಒಂದೊಂದಾಗಿ ಮರಳಿ ಕರೆದ ಮೇಲೆ ದೊಡ್ಡ ಪಾತ್ರೆಗಳು ಮತ್ತೆ ಅಟ್ಟ ಸೇರಿದವು. ಈಗ ಉಳಿದಿರುವುದು ಬೇಸಿಗೆ. ಮನೆಯಲ್ಲಿ ಅಂತರಜಾಲ ಸರಿಯಾಗಿದ್ದರೆ ಮಗನ ಸಂಸಾರ ಮೂರು ನಾಲ್ಕು ವಾರ ನಿಲ್ಲುತ್ತದೆ. ಕೆಟ್ಟಿತೋ, ನಾಲ್ಕನೆಯ ದಿನ ಚೀಲ ಕಟ್ಟುತ್ತದೆ. ಮೊಮ್ಮಕ್ಕಳನ್ನು ಬಿಟ್ಟುಹೋಗಬಹುದಲ್ಲ ಎಂದು ಕೇಳಿದರೆ, ಅವರಿಗೂ ಆ ತಂತಿಯೇ ಬೇಕು ಎಂಬ ಉತ್ತರ ಬರುತ್ತದೆ. ಹೀಗೆ ಮೂಲೆಯಲ್ಲಿ ಮಿನುಗುವ ಮೋಡೆಮ್ಮಿನ ಹಸಿರು ದೀಪವನ್ನು ಅಜ್ಜಿ ನಂದಾದೀಪದಷ್ಟೇ ಕಾಳಜಿಯಿಂದ ನೋಡಿಕೊಳ್ಳುವಂತಾಗಿದೆ.

ಹಾಗೆಂದು ಮಕ್ಕಳು ಇಡೀ ದಿನ ಪರದೆಯ ಮುಂದೆ ಕುಳಿತಿರುತ್ತಾರೆಂದು ತಿಳಿಯುವುದು ಅನ್ಯಾಯ. ಮೇ ತಿಂಗಳ ಮಲೆನಾಡು ಅಷ್ಟು ಸುಲಭವಾಗಿ ಯಾರನ್ನೂ ಒಳಗೆ ಕೂರಿಸುವುದಿಲ್ಲ. ಮುರುಗಲ ಹಣ್ಣು ಮರದಡಿಯಲ್ಲಿ ಕೆಂಪಗೆ ಉದುರಿರುತ್ತದೆ. ಮಾವಿನ ಮಿಡಿಯ ಕಾಲ ಮುಗಿದಿದ್ದರೂ ಅಪ್ಪೆಮಿಡಿಯ ಭರಣಿ ಅಟ್ಟದಿಂದ ಇಳಿಯುತ್ತದೆ. ಈ ಮಿಡಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆಯಾದರೂ ಅದರ ಪರಿಮಳಕ್ಕೆ ಸರ್ಕಾರದ ಮೊಹರು ಬೇಕಾಗಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಗಲಾಟೆ ಹಲಸಿನ ಹಪ್ಪಳದ್ದು. ಬಲಿತ ಕಾಯಿಯನ್ನು ಕೊಯ್ದು, ಮೇಣವನ್ನು ಎಣ್ಣೆಗೈಯಿಂದ ಒರಸಿ, ತೊಳೆಗಳನ್ನು ಬೇಯಿಸಿ, ಒರಳಿನಲ್ಲಿ ಬಿಸಿಯಾಗಿರುವಾಗಲೇ ಗುದ್ದಿ, ಉಂಡೆ ಕಟ್ಟಿ, ಎರಡು ಹಾಳೆಗಳ ನಡುವೆ ಒತ್ತುವ ಈ ಕೆಲಸಕ್ಕೆ ಮನೆಯ ಕೈಗಳೆಲ್ಲವೂ ಬೇಕು. ಹಪ್ಪಳಕ್ಕಿಂತ ಹೆಚ್ಚು ಹಿಟ್ಟು ಮಕ್ಕಳ ಹೊಟ್ಟೆ ಸೇರುವುದೂ ಪದ್ಧತಿಯೇ. ಅಂಗಳದ ಚಾಪೆಯ ಮೇಲೆ ಹರಡಿದ ಹಪ್ಪಳಕ್ಕೆ ಕಾಗೆಯ ಕಾವಲು ಒಂದು ಕಡೆ, ಪಡುವಣ ಆಕಾಶದ ಕಾವಲು ಇನ್ನೊಂದು ಕಡೆ.

ಏಕೆಂದರೆ ಇದು ಅಡ್ಡಮಳೆಯ ಕಾಲ. ಹಗಲೆಲ್ಲ ಕಾದ ನೆಲದ ಮೇಲೆ ಕಡಲ ಕಡೆಯಿಂದ ಹಸಿಗಾಳಿ ಏರಿಬಂದು ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಬೆಳೆಯುತ್ತದೆ. ಏಪ್ರಿಲ್ ಕೊನೆಯಲ್ಲಿ ಹಿಡಿಯುವ ಭರಣಿ, ಅದರ ಹಿಂದೆ ಬರುವ ಕೃತ್ತಿಕೆ, ಮೇ ತಿಂಗಳ ಕೊನೆಯ ರೋಹಿಣಿ—ಈ ಮಳೆಗಳಲ್ಲಿ ನೀರಿಗಿಂತ ಸಿಡಿಲೇ ಹೆಚ್ಚೆಂದರೂ ಸಲ್ಲುತ್ತದೆ. ಜೂನಿನ ಮುಂಗಾರು ವಾರಗಟ್ಟಲೆ ಸುರಿದರೂ ಇಷ್ಟು ಗುಡುಗುವುದಿಲ್ಲ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಬೇಸಾಯಗಾರರದು. ಲ್ಯಾಪ್‌ಟಾಪಿನವರಿಗೆ ಬೇರೆ ಗಾದೆ ಹುಟ್ಟಬೇಕಾಗಿದೆ. ಒಂದು ಸಿಡಿಲಿನಲ್ಲಿ ಸುಮಾರು 30,000 ಆಂಪಿಯರುಗಳ ವಿದ್ಯುತ್ತು ಹರಿಯುತ್ತದೆ. ಅದು ಮನೆಯ ಮೇಲೆಯೇ ಬೀಳಬೇಕಾಗಿಲ್ಲ. ಒಂದು ಮೈಲು ದೂರದಲ್ಲಿ ಕಂಬದ ಮೇಲೆ ಬಿದ್ದರೂ ಕಾಡಿನಲ್ಲಿ ಹಾದುಬಂದ ಕರೆಂಟಿನ ತಂತಿಯೂ ಟೆಲಿಫೋನಿನ ತಾಮ್ರದ ತಂತಿಯೂ ಅದರ ಏಟನ್ನು ಮನೆಯೊಳಕ್ಕೆ ತಂದುಕೊಡುತ್ತವೆ. ಕೆಲವೇ ವೋಲ್ಟುಗಳಲ್ಲಿ ಜೀವಿಸುವ ಮೋಡೆಮ್ಮು ಆ ಕ್ಷಣದಲ್ಲಿ ಕಪ್ಪಾಗುತ್ತದೆ.

ಮೊದಲ ಗುಡುಗಿಗೆ ಮನೆಯಲ್ಲಿ ಎರಡು ಓಟಗಳು ನಡೆಯುತ್ತವೆ. ಹೆಂಗಸರು ಹಪ್ಪಳದ ಚಾಪೆಯತ್ತ, ಗಂಡಸರು ಪ್ಲಗ್ಗಿನತ್ತ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರವನ್ನು ಅಳೆಯುವ ಪಾಠ ಮೊಮ್ಮಕ್ಕಳಿಗೆ ಬಾಯಿಪಾಠವಾಗಿದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ನೆಲಕ್ಕಿಳಿಸಿದ ತಂತಿ, ಏರುಪೇರನ್ನು ತಡೆಯುವ ಪೆಟ್ಟಿಗೆ ಮುಂತಾದ ಉಪಾಯಗಳು ಸುಳ್ಳಲ್ಲ. ಆದರೆ ಎಲ್ಲ ತಂತಿಗಳನ್ನೂ ಕಿತ್ತಿಡುವುದಕ್ಕೆ ಸಮನಾದ ಉಪಾಯ ಇನ್ನೂ ಬಂದಿಲ್ಲ. ಕಂಪನಿಯ ಸಭೆಯಲ್ಲಿ ಮಾತನಾಡುತ್ತಿದ್ದ ಮಗ ನಡುವೆಯೇ ಮಾಯವಾದರೆ ಹೈದರಾಬಾದಿನಲ್ಲೋ ಪುಣೆಯಲ್ಲೋ ಕುಳಿತ ಮೇಲಧಿಕಾರಿಗೆ ಭರಣಿಯ ಮಳೆಯನ್ನು ವಿವರಿಸುವುದು ಕಷ್ಟ.

ತಡವಾಗಿ ಕಿತ್ತವರು ಮರುದಿನ ಶಿರಸಿಗೆ ಹೋಗುತ್ತಾರೆ. ಮೇ ತಿಂಗಳಲ್ಲಿ ಕಂಪ್ಯೂಟರು ರಿಪೇರಿಯ ಅಂಗಡಿಗಳ ಮುಂದೆ ನಿಂತರೆ ಆಸ್ಪತ್ರೆಯ ಹೊರರೋಗಿ ವಿಭಾಗದ ನೆನಪಾಗುತ್ತದೆ. ಗೋಣಿಚೀಲದಲ್ಲಿ ಸುತ್ತಿ ತಂದ ಹಳೆಯ ಗಣಕಗಳು, ಇರುವೆ ಗೂಡು ಕಟ್ಟಿದ ಮದರ್‌ಬೋರ್ಡುಗಳು, ಬೂಸಲು ಹಿಡಿದ ಕೀಲಿಮಣೆಗಳು. ದುರಸ್ತಿಯವನು ಪೆಟ್ಟಿಗೆಯನ್ನು ಬಿಚ್ಚಿ ಮೊದಲು ಮೂಸಿ ನೋಡುತ್ತಾನೆ. ಸುಟ್ಟ ವಾಸನೆಯಿಂದಲೇ ಅರ್ಧ ರೋಗ ತಿಳಿಯುತ್ತದೆ. ಈಚೆಗೆ ಕೆಲವು ಮನೆಗಳಿಗೆ ಗಾಜಿನೆಳೆಯ ತಂತಿ ಬಂದಿದೆ. ಗಾಜಿನಲ್ಲಿ ವಿದ್ಯುತ್ತು ಹರಿಯದಾದುದರಿಂದ ಆ ದಾರಿಯಿಂದ ಸಿಡಿಲು ಬರುವಂತಿಲ್ಲ. ಆದರೆ ಮೋಡೆಮ್ಮಿಗೆ ಕರೆಂಟು ಬೇಕಷ್ಟೆ? ಆ ಬಾಗಿಲು ತೆರೆದೇ ಇದೆ. ಅಲ್ಲದೆ ಒಂದು ಕೊಂಬೆ ಮುರಿದು ಬಿದ್ದರೆ ಗಾಜಿನೆಳೆಯೂ ತುಂಡು. ಅದನ್ನು ಬೆಸೆಯಬಲ್ಲ ಯಂತ್ರ ಪೇಟೆಯಿಂದಲೇ ಬರಬೇಕು.

ಇಂಥ ಒಂದು ಮನೆಯಲ್ಲಿ ಸಿಡಿಲಿಗೆ ಸಿಕ್ಕಿದ್ದು ಯಜಮಾನರ ಹಳೆಯ ಗಣಕ. ಅವರ ತಂದೆ ಗೋಡೆಯ ಪಂಚಾಂಗದ ಅಂಚಿನಲ್ಲಿ ಮಳೆಯ ಲೆಕ್ಕ ಬರೆಯುತ್ತಿದ್ದರು: ಅಡ್ಡಮಳೆ ಎಂದು ಬಂತು, ಹಳ್ಳ ಎಂದು ಹರಿಯಿತು, ಕೊಳೆರೋಗ ಯಾವ ತೋಟದಲ್ಲಿ ಮೊದಲು ಕಂಡಿತು. ಮಗ ಅದನ್ನು ಮುಂದುವರಿಸಿದ್ದಲ್ಲದೆ, ಗಣಕ ಬಂದ ಹೊಸತರಲ್ಲಿ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕಲಿತು ಎಲ್ಲವನ್ನೂ ಕನ್ನಡದಲ್ಲಿ ಅಚ್ಚುಮಾಡಿ ಇಟ್ಟಿದ್ದರು. ಅದರ ಮೇಲೆ ಪ್ರತಿ ಸಂಜೆ ನಾಲ್ಕು ಸಾಲು ದಿನಚರಿ. ಪಂಚಾಂಗಗಳಲ್ಲಿ ಅರ್ಧ ಗೆದ್ದಲಿನ ಪಾಲಾಗಿದ್ದವು. ಪೇಟೆಯಲ್ಲಿ ಬಿಚ್ಚಿ ನೋಡಿದಾಗ ಸುಟ್ಟದ್ದು ಬೋರ್ಡು ಮಾತ್ರ; ಕಡತಗಳಿದ್ದ ತಟ್ಟೆ ಉಳಿದಿತ್ತು. ಅದನ್ನು ಮೊಮ್ಮಗಳ ಲ್ಯಾಪ್‌ಟಾಪಿಗೆ ಸೇರಿಸಿದರು. ತೆರೆದು ನೋಡಿದರೆ ಕನ್ನಡದ ಸುಳಿವೇ ಇಲ್ಲ, ಪುಟದ ತುಂಬ ಕೊಂಬು ಬಾಲಗಳ ವಿಚಿತ್ರ ಆಂಗ್ಲ ಅಕ್ಷರಗಳು.

ಕಾರಣ ಸಿಡಿಲಲ್ಲ. ಹಳೆಯ ತಂತ್ರಾಂಶಗಳು ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಿದವು. ಆ ಅಚ್ಚುಮೊಳೆ ಇಲ್ಲದ ಯಂತ್ರದಲ್ಲಿ ಆಕಾರ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿವೆ. ಒಂದರಿಂದ ಮತ್ತೊಂದಕ್ಕೆ ಬದಲಿಸುವ ಉಪಕರಣಗಳೂ ಇವೆ. ಮೊಮ್ಮಗಳು ರಜೆಯ ಕೆಲಸವೆಂದು ಅದಕ್ಕೆ ಕುಳಿತಳು. ಬದಲಾವಣೆಯೇನೋ ಆಯಿತು, ಅರ್ಕಾವತ್ತಿನ ಹೊರತು. ಹಳೆಯ ಅಚ್ಚಿನಲ್ಲಿ ಅದು ಅಕ್ಷರದ ಹಿಂದೆ ಬರುವುದು, ಹೊಸದರಲ್ಲಿ ರಕಾರವಾಗಿ ಮುಂದೆ. ಅಜ್ಜ ಕೆಲವೆಡೆ ಅವಸರಕ್ಕೆ ಕನ್ನಡದ ಒಂಬತ್ತನ್ನೇ ಅರ್ಕಾವತ್ತಾಗಿ ಬಳಸಿದ್ದರಾಗಿ ಗೊಂದಲ ಇಮ್ಮಡಿಸಿತು. ಮಳೆ ಎಂಬ ಅರ್ಥವೂ ಇರುವ ‘ವರ್ಷ’ ಎಂಬ ಮಾತು ಪುಟಕ್ಕೆ ಹತ್ತು ಸಲ ‘ವಷ೯’ ಎಂದು ನಿಂತಿದೆ. ಯಾವುದು ಅಕ್ಷರ, ಯಾವುದು ಮಳೆಯ ಅಂಕಿ ಎಂಬುದನ್ನು ಯಂತ್ರ ಅರಿಯದು, ಅಜ್ಜನೇ ಹೇಳಬೇಕು.

ಹೀಗಾಗಿ ಹೊರಡುವ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಊಟದ ಮೇಲೆ ಜಗಲಿಯಲ್ಲಿ ಅಜ್ಜ ಗೆದ್ದಲು ಬಿಟ್ಟ ಪಂಚಾಂಗಗಳನ್ನು ಹರಡಿಕೊಂಡು ಓದುತ್ತಾರೆ, ಹುಡುಗಿ ತಿದ್ದುತ್ತಾಳೆ. ಅಕ್ಷರವೇ ಹೋದೆಡೆ ಅಜ್ಜಿಯನ್ನು ಕೇಳುತ್ತಾರೆ. ಆಕೆಗೆ ಆ ವರ್ಷದ ಮಳೆ ಯಾವುದಾದರೊಂದು ಮದುವೆಯ ಮೂಲಕವೋ ಬಾಣಂತನದ ಮೂಲಕವೋ ನೆನಪಿರುತ್ತದೆ. ಶಾಲೆ ತೆರೆಯಲು ಆರು ದಿನಗಳಿವೆ, ಪಂಚಾಂಗಗಳು ಹನ್ನೊಂದು ಉಳಿದಿವೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಹುಡುಗಿ ತಿದ್ದಿದ್ದನ್ನು ಉಳಿಸಿ ಪ್ಲಗ್ಗನ್ನು ಕಿತ್ತಿದ್ದಾಳೆ, ಬ್ಯಾಟರಿಯಲ್ಲಿ ಇನ್ನೂ ಎರಡು ಗಂಟೆಯ ಕೆಲಸಕ್ಕಾಗುವಷ್ಟು ಶಕ್ತಿಯಿದೆ.