ನಡುಮನೆಗೆ ಬಂದ ಗ್ರಹಗಳು

ಶಾಲೆಯ ಪ್ರಾಜೆಕ್ಟ್ ಅಂದರೆ ಮಕ್ಕಳಿಗೆ ಹೇಳಿ ಮನೆಮಂದಿಯಿಂದ ಮಾಡಿಸುವ ಕೆಲಸ. ಅದು ನೆನಪಾಗುವುದು ರಾತ್ರಿ ಊಟದ ಹೊತ್ತಿಗೆ, ಒಪ್ಪಿಸಬೇಕಾದ್ದು ಮರುದಿನ ಬೆಳಿಗ್ಗೆ. ಮೈಸೂರಿನ ಕುವೆಂಪುನಗರದ ಆ ಮನೆಯಲ್ಲೂ ಹಾಗೇ ಆಯಿತು. ಆರನೇ ಕ್ಲಾಸಿನ ಮಗಳು ಸಾರನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ, “ನಾಳೆ ಸೋಲಾರ್ ಸಿಸ್ಟಮ್ ಮಾಡೆಲ್ ತರಬೇಕಂತೆ” ಎಂದಳು. ಅಪ್ಪ ಕೈತೊಳೆದು ಸ್ಟೇಷನರಿ ಅಂಗಡಿಗೆ ಓಡಿದರು. ಅಂಗಡಿಯಾತ ಷಟರ್ ಅರ್ಧ ಎಳೆದು ಕಾದೇ ಇದ್ದ. ಆ ಹೊತ್ತಿಗೆ ಯಾರಾದರೊಬ್ಬ ಅಪ್ಪ ಬಂದೇ ಬರುತ್ತಾರೆಂಬುದು ಅವನಿಗೆ ಗೊತ್ತು.

ದುಡ್ಡು ದಂಡ ಎಂದವರು ಅಜ್ಜಿ. ಅಟ್ಟದ ಮೇಲೆ ದಸರಾ ಗೊಂಬೆಗಳ ಪೆಟ್ಟಿಗೆಯ ಪಕ್ಕ ಅಪ್ಪನ ಕಾಲದ ಸೌರವ್ಯೂಹ ಇನ್ನೂ ಇತ್ತು. ಅಪ್ಪ ಹೈಸ್ಕೂಲಿನಲ್ಲಿ ಮಾಡಿದ್ದು, ಅಂದರೆ ಅಜ್ಜಿ ಮಾಡಿಕೊಟ್ಟದ್ದು. ಮುರಿದ ಛತ್ರಿಯ ಕಡ್ಡಿಗಳ ತುದಿಗೆ ಹಳೇ ಬಟ್ಟೆಯ ಉಂಡೆಗಳು, ಶನಿಗೆ ಬಳೆಯ ಉಂಗುರ. ಮೊಮ್ಮಗಳು ಎಣಿಸಿ ನೋಡಿ, “ಒಂಬತ್ತಿದೆ ಅಜ್ಜಿ, ಎಂಟೇ ಇರಬೇಕು” ಎಂದಳು. 2006ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದ ಕತೆಯನ್ನು ಅಪ್ಪ ವಿವರಿಸಿದರು. ಅಜ್ಜಿಗೆ ಅದೇನೂ ದೊಡ್ಡದೆನಿಸಲಿಲ್ಲ. “ಹೋಗಲಿ ಬಿಡು, ನಮ್ಮ ನವಗ್ರಹದಲ್ಲಿ ಅದು ಇರಲೇ ಇಲ್ಲವಲ್ಲ” ಎಂದು ಕತ್ತರಿ ತಂದರು.

ಹೀಗೆ ನಡುಮನೆಯಲ್ಲಿ ಗ್ರಹಗಳನ್ನು ಹರಡಿಕೊಂಡು ಕೂತ ಮೊದಲ ಸಂಸಾರ ಇದಲ್ಲ. 1774ರ ಮೇ ತಿಂಗಳಲ್ಲಿ ಚಂದ್ರ ಮತ್ತು ನಾಲ್ಕು ಗ್ರಹಗಳು ಆಕಾಶದಲ್ಲಿ ಒತ್ತೊತ್ತಾಗಿ ಬಂದಾಗ ನೆದರ್‌ಲೆಂಡ್ಸ್‌ನ ಫ್ರಾನೆಕರ್ ಎಂಬ ಊರಿನ ಸುತ್ತ ಪ್ರಳಯದ ಸುದ್ದಿ ಹಬ್ಬಿತ್ತು. ಭೂಮಿ ದಾರಿ ತಪ್ಪಿ ಸೂರ್ಯನಿಗೆ ಬೀಳುತ್ತದೆಂಬ ಭಯ. ಉಣ್ಣೆ ಹಿಂಜಿ ಬದುಕುತ್ತಿದ್ದ ಐಸೆ ಐಸಿಂಗ ಜನರೊಡನೆ ವಾದಕ್ಕೆ ಹೋಗಲಿಲ್ಲ. ತನ್ನ ನಡುಮನೆಯ ಸೂರಿಗೇ ಸೌರವ್ಯೂಹ ಕೂರಿಸತೊಡಗಿದ. ಮರದ ಚಕ್ರಗಳು, ಹಲ್ಲುಗಳ ಬದಲು ಸಾವಿರಾರು ಮೊಳೆಗಳು, ಎಲ್ಲವನ್ನೂ ನಡೆಸಲು ಒಂದು ಲೋಲಕದ ಗಡಿಯಾರ. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ಕಿಲೋಮೀಟರ್ ಲೆಕ್ಕ. ಅಲ್ಲಿಯ ಶನಿ ನಿಜವಾದ ಶನಿಯಷ್ಟೇ ನಿಧಾನ, ಒಂದು ಸುತ್ತಿಗೆ 29 ವರ್ಷಕ್ಕೂ ಹೆಚ್ಚು. ಹೆಂಡತಿ ಮಕ್ಕಳು ಉಂಡು ಮಲಗುವ ಕೋಣೆ ಅದೇ. ಏಳು ವರ್ಷ ಆ ಮನೆಯವರು ಮರದ ಹೊಟ್ಟು ಗುಡಿಸಿರಬೇಕು. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಗ್ರಹಗಳು ಇವತ್ತಿಗೂ ಸುತ್ತುತ್ತಿವೆ.

ಪಾಪ, ಐಸಿಂಗನ ಕೆಲಸ ಮುಗಿದದ್ದು 1781ರಲ್ಲಿ. ಶನಿಯವರೆಗೆ ಆರೇ ಗ್ರಹ. ಅದೇ ವರ್ಷದ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತದ ಮೇಷ್ಟ್ರು ವಿಲಿಯಂ ಹರ್ಷೆಲ್ ತನ್ನ ಹಿತ್ತಲಿನ ದೂರದರ್ಶಕದಲ್ಲಿ ಏಳನೆಯದನ್ನು, ಯುರೇನಸ್ಸನ್ನು, ಕಂಡುಬಿಟ್ಟಿದ್ದ! ಅದನ್ನೂ ಸೇರಿಸೋಣವೆಂದರೆ ಐಸಿಂಗನ ಲೆಕ್ಕದಲ್ಲಿ ಸೂರ್ಯನಿಂದ ಸುಮಾರು ಮೂರು ಮೀಟರ್ ಬೇಕು. ಸೂರು ಸಾಲದು.

ಹರ್ಷೆಲ್‌ನದೂ ಮನೆಮಂದಿಯ ಪ್ರಾಜೆಕ್ಟೇ. ದೂರದರ್ಶಕದ ಕನ್ನಡಿಯನ್ನು ಉಜ್ಜಲು ಕೂತರೆ ಕೆಲವೊಮ್ಮೆ 16 ಗಂಟೆ ಕೈ ತೆಗೆಯುವಂತಿರಲಿಲ್ಲ. ಆಗ ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ಕೂತು ಕತೆ ಓದುತ್ತಿದ್ದಳು, ಬಾಯಿಗೆ ತುತ್ತು ಹಾಕುತ್ತಿದ್ದಳು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳೂ ಅವಳೇ. ಒಮ್ಮೆ ಕಾದ ಲೋಹ ಸೋರಿ ನೆಲಕ್ಕೆ ಹಾಸಿದ್ದ ಕಲ್ಲುಗಳು ಸಿಡಿದು ಎಲ್ಲರೂ ಹೊರಗೋಡಿದರು. ಲದ್ದಿ ಜರಡಿ ಹಿಡಿಯುವುದರಲ್ಲೇ ಅವಳ ಕತೆ ಮುಗಿಯಲಿಲ್ಲವೆಂಬುದು ಸಮಾಧಾನ. ಮುಂದೆ ಕ್ಯಾರೊಲಿನ್ ತಾನೇ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು, 1787ರಿಂದ ದೊರೆಯಿಂದ ವರ್ಷಕ್ಕೆ 50 ಪೌಂಡ್ ಸಂಬಳವನ್ನೂ ಪಡೆದಳು. ನಮ್ಮ ಅಜ್ಜಿಗೆ ಛತ್ರಿ ಕಡ್ಡಿಗೆಂದು ಯಾರೂ ಏನೂ ಕೊಟ್ಟದ್ದಿಲ್ಲ. ಆ ಮಾಡೆಲ್ಲಿಗೆ ಬಂದ ಬಹುಮಾನದ ಟಿಫಿನ್ ಡಬ್ಬಿಯ ಮೇಲೆ ಇರುವುದೂ ಮಗನ ಹೆಸರೇ.

ಶಾಲೆಗಳಿಗೆ ಪ್ರಾಜೆಕ್ಟನ್ನು ಸಿದ್ಧಾಂತವಾಗಿ ಕೊಟ್ಟವರು ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್, 1918ರ ಒಂದು ಲೇಖನದಲ್ಲಿ. ಮಗು ತನ್ನ ಉದ್ದೇಶಕ್ಕಾಗಿ ಮನಸಾರೆ ತೊಡಗುವ ಕೆಲಸವೇ ಪ್ರಾಜೆಕ್ಟ್ ಎಂದರು. ಆ ರಾತ್ರಿ ಕುವೆಂಪುನಗರದಲ್ಲಿ ಮಗು ಹನ್ನೊಂದಕ್ಕೇ ಮಲಗಿತ್ತು. ಉದ್ದೇಶವೆಲ್ಲ ಶನಿಯ ಉಂಗುರ ಅಂಟಿಸುತ್ತಿದ್ದ ಅಮ್ಮನದು.

ಆದರೆ ಮಾಡೆಲ್ ಒಪ್ಪಿಸಿಯಾದ ಮೇಲೆ, ಯಾರೂ ಕೇಳದಿದ್ದರೂ, ಹುಡುಗಿಗೆ ಒಂದು ಅನುಮಾನ ಹತ್ತಿತು. ಭೂಮಿ ಕಡಲೆಕಾಳಿನಷ್ಟಿದ್ದರೆ ಸೂರ್ಯ ಎಷ್ಟು ದೊಡ್ಡದು, ಎಷ್ಟು ದೂರ? ಭಾನುವಾರ ಅವಳೇ ಲೆಕ್ಕ ಹಾಕಿದಳು. ಭೂಮಿ ಒಂದು ಸೆಂಟಿಮೀಟರ್ ಆದರೆ ಸೂರ್ಯ ಒಂದು ಮೀಟರಿಗೂ ಮಿಗಿಲು, ಗುರು 11 ಸೆಂಟಿಮೀಟರ್. ಸೂರ್ಯನನ್ನು ನಡುಮನೆಯಲ್ಲಿಟ್ಟರೆ ಭೂಮಿ 117 ಮೀಟರ್ ಆಚೆ. ಟೇಪು ಸಾಲದೆ ಹೆಜ್ಜೆ ಎಣಿಸುತ್ತಾ ಹೋದವಳು ಬೀದಿಯ ಕೊನೆಯ ಹಾಲಿನ ಬೂತಿನ ಕಟ್ಟೆಯ ಮೇಲೆ ಕಡಲೆಕಾಳು ಇಟ್ಟು ಬಂದಳು. ನೆಪ್ಚೂನ್ ಎಲ್ಲಿ ಎಂದು ಅಮ್ಮ ಕೇಳಿದರು. ಮೂರೂವರೆ ಕಿಲೋಮೀಟರ್ ದೂರ.

“ಸಂಜೆ ಆಟೊದಲ್ಲಿ ಹೋಗಿ ಇಟ್ಟು ಬರೋಣ, ಹಾಗೇ ಮಾರ್ಕೆಟ್ಟಿನಿಂದ ತರಕಾರಿ ತರೋದೂ ಇದೆ” ಎಂದರು ಅಜ್ಜಿ.